ಮಣ್ಣು, ಬಂಡೆ, ಕಾಂಕ್ರೀಟ್‌ಗಳ ಗಣನೆಯಲ್ಲಿ ತೊಡಗಿರುವ ತರುಣ ಇಂಜಿನಿಯರರಿಗೆ ಒಂದು ಬಹಿರಂಗ ಪತ್ರ

ಪ್ರಿಯ ತರುಣ ಮಿತ್ರರೇ,



ಬೆಂಗಳೂರು, ಮೈಸೂರು, ಹುಬ್ಬಳ್ಳಿ, ಮಂಗಳೂರುಗಳ ಸಲಹಾ ಕಚೇರಿಗಳಲ್ಲಿಯೂ, ಕನ್ನಡನಾಡನ್ನು ಬಿಟ್ಟು ಹೋಗಿ ಸಿಂಗಪುರ, ದುಬಾಯಿ, ಲಂಡನ್ನುಗಳಲ್ಲಿಯೂ ಗಣಕಯಂತ್ರದ ಮುಂದೆ ಕುಳಿತು, ಇನ್ನೂ ಅಗೆಯದಿರುವ ಪಾಯವು ಅಗೆದಾಗ ಹೇಗೆ ನಡೆದುಕೊಂಡೀತು, ಇನ್ನೂ ಕೊರೆಯದಿರುವ ಸುರಂಗದ ಮೇಲಣ ನೆಲ ಎಷ್ಟು ಇಳಿದೀತು, ಐವತ್ತು ವರ್ಷದ ಹಳೆಯ ಅಣೆಕಟ್ಟು ಇನ್ನೊಂದು ಭೂಕಂಪವನ್ನು ತಾಳೀತೇ ಎಂಬ ಪ್ರಶ್ನೆಗಳಿಗೆ ಮುಂಚಿತವಾಗಿಯೇ ಲೆಕ್ಕ ಹಾಕಿ ಉತ್ತರ ಹೇಳುವ ಕಾರ್ಯದಲ್ಲಿ ತೊಡಗಿರುವ ನಿಮ್ಮೆಲ್ಲರನ್ನೂ ಉದ್ದೇಶಿಸಿ ಈ ಪತ್ರವನ್ನು ಬರೆಯುತ್ತಿದ್ದೇನೆ. ಇದನ್ನು ನಿಮ್ಮ ಕಚೇರಿಗಳಿಗೆ ಕಳುಹಿಸದೆ ಬಹಿರಂಗವಾಗಿ ಬರೆಯುವುದಕ್ಕೆ ಕಾರಣವುಂಟು. ನಿಮ್ಮ ಗಣನೆಯ ಫಲವನ್ನು ಅನುಭವಿಸತಕ್ಕವರು ನೀವಲ್ಲ, ನಿಮ್ಮ ವರದಿಗೆ ಹಣ ಕೊಟ್ಟ ಗುತ್ತಿಗೆದಾರರೂ ಅಲ್ಲ. ಆ ಗುಂಡಿಯೊಳಗೆ ಇಳಿದು ದುಡಿಯುವ ಕೂಲಿಯವರು, ಆ ಸುರಂಗದ ನೆತ್ತಿಯ ಮೇಲೆ ಮನೆ ಮಾಡಿಕೊಂಡಿರುವ ಸಂಸಾರಸ್ಥರು, ಆ ಅಣೆಕಟ್ಟಿನ ಕೆಳಗಣ ಹೊಲಗಳಲ್ಲಿ ಬೇಸಾಯ ಮಾಡುವ ರೈತರು. ಅವರ ಪರವಾಗಿ ಆಡಬೇಕಾದ ಮಾತನ್ನು ಅವರಿಗೂ ಕೇಳಿಸುವಂತೆ ಆಡುವುದೇ ನ್ಯಾಯವೆಂದು ನಾನು ಭಾವಿಸಿದ್ದೇನೆ.

ನಾನು ಹೇಳಬೇಕೆಂದಿರುವುದು ವಾಸ್ತವವಾಗಿ ಒಂದೇ ಮಾತು. ಕಾರ್ಯಸ್ಥಳದಲ್ಲಿ ಯಾವ ಅಳತೆ ಕಂಡುಬಂದರೆ ತಾನು ಸುಳ್ಳಾದಂತೆ ಎಂಬುದನ್ನು ಮೊದಲೇ ನುಡಿದಿಡದ ಗಣನೆಯು, ಎಷ್ಟೇ ಸೂಕ್ಷ್ಮವಾದುದಾಗಿರಲಿ, ಅಪೂರ್ಣವಾದ ಗಣನೆ. ಅದಕ್ಕೆ ಇಂಜಿನಿಯರನು ತನ್ನ ರುಜು ಹಾಕಕೂಡದು. ಈ ಮಾತು ಕೇಳುವುದಕ್ಕೆ ಸರಳವಾಗಿದ್ದರೂ, ಮಣ್ಣು, ಬಂಡೆ, ಕಾಂಕ್ರೀಟ್ ಎಂಬ ಮೂರು ಪದಾರ್ಥಗಳ ಸ್ವಭಾವವನ್ನು ನೆನೆದಾಗ ಅದರ ಅವಶ್ಯಕತೆ ಎಷ್ಟೆಂಬುದು ಮನವರಿಕೆಯಾಗುತ್ತದೆ.

ಮೊದಲಿಗೆ ನಿಮ್ಮ ಕೈಯಲ್ಲಿರುವ ಗಣನೆಯೆಂಬ ಸಾಧನದ ಹಿರಿಮೆಯನ್ನು ಒಪ್ಪಿಕೊಂಡೇ ಮುಂದುವರಿಯುತ್ತೇನೆ. 1773ರಲ್ಲಿ ಫ್ರಾನ್ಸಿನ ಸೇನಾ ಇಂಜಿನಿಯರನಾದ ಕೂಲಂಬ್, ಮಣ್ಣನ್ನು ತಡೆದು ನಿಲ್ಲಿಸುವ ಗೋಡೆಯ ಮೇಲೆ ಬೀಳುವ ಒತ್ತಡವನ್ನು ಎಣಿಸುವಾಗ, ಮಣ್ಣಿನ ಬಲವನ್ನು ಅದರ ಅಂಟು ಮತ್ತು ಅದರ ಘರ್ಷಣೆ ಎಂಬ ಎರಡು ಸಂಖ್ಯೆಗಳಲ್ಲಿ ಹಿಡಿದಿಟ್ಟನು. 1925ರಲ್ಲಿ ಟೆರ್ಜಾಗಿ ಪ್ರಕಟಿಸಿದ ಗ್ರಂಥವು, ನೀರು ತುಂಬಿದ ಮಣ್ಣಿನ ಮೇಲೆ ಬಿದ್ದ ಭಾರವನ್ನು ಕಣಗಳೂ ನೀರೂ ಹಂಚಿಕೊಳ್ಳುತ್ತವೆಂದೂ, ಮಣ್ಣಿನ ಬಲವೆಂಬುದು ಕಣಗಳು ಹೊತ್ತ ಪಾಲಿನಿಂದ ಮಾತ್ರ ಬರತಕ್ಕದ್ದೆಂದೂ ತೋರಿಸಿ, ಈ ಶಾಸ್ತ್ರಕ್ಕೆ ಅಡಿಗಲ್ಲನ್ನಿಟ್ಟಿತು. 1960ರಲ್ಲಿ ಕ್ಯಾಲಿಫೋರ್ನಿಯಾದ ಕ್ಲಫ್, ಇಡೀ ಕಟ್ಟಡವನ್ನು ಚಿಕ್ಕ ಚಿಕ್ಕ ಖಂಡಗಳನ್ನಾಗಿ ವಿಭಾಗಿಸಿ ಗಣಕದಿಂದ ಬಿಡಿಸುವ ವಿಧಾನಕ್ಕೆ ಫೈನೈಟ್ ಎಲಿಮೆಂಟ್ ಎಂಬ ಹೆಸರನ್ನು ಕೊಟ್ಟರು. ಅಮೆರಿಕದ ನಾರ್ಫೋರ್ಕ್ ಎಂಬ ಕಾಂಕ್ರೀಟ್ ಅಣೆಕಟ್ಟಿನ ಒಡಲಲ್ಲಿ ಕಾಣಿಸಿಕೊಂಡ ಲಂಬವಾದ ಬಿರುಕನ್ನು ಪರಿಶೀಲಿಸುವುದೇ ಆ ವಿಧಾನದ ಮೊದಮೊದಲ ಕೆಲಸಗಳಲ್ಲಿ ಒಂದಾಯಿತು. ಅಂದು ವಿಶ್ವವಿದ್ಯಾಲಯವೊಂದರ ಮಹಾಯಂತ್ರವು ಮಾಡುತ್ತಿದ್ದುದಕ್ಕಿಂತ ಸಾವಿರಾರು ಪಾಲು ಹೆಚ್ಚಿನ ಗಣನೆಯನ್ನು ಇಂದು ನಿಮ್ಮ ಮೇಜಿನ ಮೇಲಣ ಲ್ಯಾಪ್‌ಟಾಪ್ ಊಟದ ವಿರಾಮದೊಳಗಾಗಿ ಮಾಡಿ ಮುಗಿಸುತ್ತದೆ. ಈ ಶಕ್ತಿಯನ್ನು ಅಲ್ಲಗಳೆಯುವುದು ನನ್ನ ಉದ್ದೇಶವಲ್ಲ. ಮೂರು ಆಯಾಮಗಳಲ್ಲಿ, ಹಂತ ಹಂತವಾಗಿ ಅಗೆತವನ್ನೂ ಆಧಾರವನ್ನೂ ಅನುಕರಿಸಿ ನೋಡುವ ಈ ಸಾಧನವಿಲ್ಲದೆ, ನಗರದ ಕಟ್ಟಡಗಳ ಮಗ್ಗುಲಲ್ಲಿ ಆಳವಾದ ಮೆಟ್ರೋ ನಿಲ್ದಾಣಗಳನ್ನು ಅಗೆಯುವ ಧೈರ್ಯ ಯಾರಿಗೂ ಬರಲಾರದು.

ಆದರೆ ಈ ಸಾಧನಕ್ಕೆ ಒಂದು ಗುಣವುಂಟು, ಅದನ್ನು ನೀವು ಸದಾ ಎಚ್ಚರದಿಂದ ನೆನಪಿನಲ್ಲಿಡಬೇಕು: ಕೇಳಿದುದಕ್ಕೆ ಅದು ಉತ್ತರ ಕೊಡದೆ ಇರುವುದಿಲ್ಲ. ಕಾರ್ಖಾನೆಯಲ್ಲಿ ತಯಾರಾದ ಉಕ್ಕಿನ ಗುಣಗಳನ್ನು ತಯಾರಿಸಿದವರೇ ಖಚಿತವಾಗಿ ಬರೆದು ಕೊಡುತ್ತಾರೆ. ನೆಲದ ಗುಣಗಳನ್ನು ಬರೆದು ಕೊಡತಕ್ಕವರು ಯಾರೂ ಇಲ್ಲ. ಅಂಗೈಯಗಲದ ಬೋರ್‌ಹೋಲ್‌ಗಳನ್ನು ಹತ್ತಾರು ಮೀಟರಿಗೊಂದರಂತೆ ಕೊರೆದು, ಅವುಗಳ ನಡುವಣ ಕಾಣದ ವಿಸ್ತಾರವನ್ನು ಊಹೆಯಿಂದ ತುಂಬಿಕೊಳ್ಳುವುದೇ ನಮ್ಮ ವೃತ್ತಿಯ ನಿಜಸ್ಥಿತಿ. ಪರಿಶೀಲನೆಗೆಂದು ನನ್ನ ಮುಂದೆ ಬಂದ ವರದಿಗಳಲ್ಲಿ, ವರ್ಣರಂಜಿತವಾದ ಚಿತ್ರಗಳು ಪುಟಪುಟಗಳನ್ನು ಆಕ್ರಮಿಸಿಕೊಂಡಿದ್ದರೆ, ಆ ಚಿತ್ರಗಳೆಲ್ಲಕ್ಕೂ ಮೂಲವಾದ ಮಣ್ಣಿನ ಸಂಖ್ಯೆಗಳು ಅರ್ಧ ಪುಟದ ಕೋಷ್ಟಕದಲ್ಲಿ, ಪ್ರಯೋಗಶಾಲೆಯ ಹೆಸರಾಗಲಿ ಪರೀಕ್ಷೆಯ ವಿಧಾನವಾಗಲಿ ಇಲ್ಲದೆ, ಮುದುಡಿಕೊಂಡಿರುವುದನ್ನು ಪುನಃ ಪುನಃ ಕಂಡಿದ್ದೇನೆ. ಚಿತ್ರದ ಸೊಬಗು ಸಂಖ್ಯೆಯ ಪ್ರಾಮಾಣ್ಯಕ್ಕೆ ಸಾಕ್ಷಿಯಾಗಲಾರದು.

ಮಣ್ಣನ್ನು ಮೊದಲು ತೆಗೆದುಕೊಳ್ಳೋಣ. ನಮ್ಮ ಕರಾವಳಿಯಲ್ಲಿ ಮುರಕಲ್ಲಿನ ಗಟ್ಟಿಯಾದ ಪದರದ ಕೆಳಗೆ ಶೇಡಿ ಮಣ್ಣು ಎಂದು ಜನ ಕರೆಯುವ ನುಣುಪಾದ, ಬಿಳಿ-ಹಳದಿ ಬೆರೆತ ಬಣ್ಣದ ಪದರವೊಂದು ಇರುತ್ತದೆ. ಬೇಸಗೆಯಲ್ಲಿ ಅದನ್ನು ಗೋಡೆಯಂತೆ ನೆಟ್ಟಗೆ ಕಡಿದರೂ ನಿಂತಿರುತ್ತದೆ. ಮಳೆಗಾಲದ ನೀರು ಅದರೊಳಗೆ ಇಳಿದಾಗ ಅದರ ಬಲವೆಲ್ಲ ಕರಗಿ ಕೆಸರಾಗಿ ಹರಿಯುತ್ತದೆ. ಉತ್ತರ ಕರ್ನಾಟಕದ ಎರೆಮಣ್ಣಿನ ಸ್ವಭಾವ ಇದಕ್ಕಿಂತ ಭಿನ್ನ: ನೀರನ್ನು ಕುಡಿದು ಉಬ್ಬಿ ಮನೆಯ ಗೋಡೆಗಳನ್ನು ಎತ್ತಿ ಸೀಳುತ್ತದೆ, ಒಣಗಿದಾಗ ಕುಗ್ಗಿ ಕೈ ತೂರುವಷ್ಟು ಅಗಲವಾಗಿ ಬಿರಿಯುತ್ತದೆ. ಈ ಎರಡು ಮಣ್ಣುಗಳಿಗೂ ಅಂಟು ಇಷ್ಟು, ಘರ್ಷಣೆಯ ಕೋನ ಇಷ್ಟು ಎಂಬ ಎರಡೇ ಸಂಖ್ಯೆಗಳನ್ನು ಬರೆದು ಗಣಕದ ಮಾಡೆಲ್ಲಿಗೆ ಒಪ್ಪಿಸಿದರೆ, ಅದು ಋತುವಿನ ವಿಚಾರವನ್ನು ಕೇಳದೆ ಎರಡಕ್ಕೂ ಉತ್ತರ ಕೊಡುತ್ತದೆ. ಋತುವಿನ ವಿಚಾರವನ್ನು ಎತ್ತಬೇಕಾದವರು ನೀವು. 2018ರ ಆಗಸ್ಟಿನಲ್ಲಿ ಕೊಡಗಿನಲ್ಲಿಯೂ, 2024ರ ಜುಲೈಯಲ್ಲಿ ಅಂಕೋಲೆಯ ಶಿರೂರಿನಲ್ಲಿಯೂ ಗುಡ್ಡಗಳು ಜಾರಿ ಜನ ಪ್ರಾಣ ಕಳೆದುಕೊಂಡುದನ್ನು ಕಂಡ ಮೇಲೆ, ನಮ್ಮ ಇಳಿಜಾರುಗಳ ಗಣನೆಯಲ್ಲಿ ಮಳೆಯ ನೀರಿಗೆ ಪ್ರಧಾನ ಸ್ಥಾನವನ್ನು ಕೊಡದಿರುವುದಕ್ಕೆ ಯಾವ ಸಮರ್ಥನೆಯೂ ಉಳಿದಿಲ್ಲ.

ತಪ್ಪಾದ ಮಾಡೆಲ್ಲಿನ ಆಯ್ಕೆಯಿಂದ ಏನಾಗಬಹುದೆಂಬುದಕ್ಕೆ ಸಿಂಗಪುರದ ನಿಕೊಲ್ ಹೆದ್ದಾರಿಯ ದುರಂತಕ್ಕಿಂತ ಸ್ಪಷ್ಟವಾದ ನಿದರ್ಶನ ನನಗೆ ತಿಳಿದಂತೆ ಬೇರೊಂದಿಲ್ಲ. ಭೂಗತ ರೈಲುಮಾರ್ಗಕ್ಕಾಗಿ ಸಮುದ್ರದಂಚಿನ ಮೆದುವಾದ ಜೇಡಿಯಲ್ಲಿ ಸುಮಾರು 30 ಮೀಟರ್ ಆಳಕ್ಕೆ ಅಗೆದಿದ್ದ ಕಂದಕವು 2004ರ ಏಪ್ರಿಲ್ 20ರಂದು ಮಧ್ಯಾಹ್ನ ಕುಸಿದು, ಮಗ್ಗುಲಿನ ಹೆದ್ದಾರಿಯನ್ನೂ ಒಳಗೆಳೆದುಕೊಂಡಿತು. ನಾಲ್ವರು ಮಡಿದರು, ಅವರಲ್ಲಿ ಒಬ್ಬರ ದೇಹ ಕಡೆಗೂ ದೊರೆಯಲಿಲ್ಲ. ಕುಸಿತದ ಪ್ರಾರಂಭವೇನೋ ಕಂದಕದ ಗೋಡೆಗಳನ್ನು ದೂಡಿ ಹಿಡಿಯುವ ಉಕ್ಕಿನ ಸ್ಟ್ರಟ್‌ಗಳು, ಗೋಡೆಯುದ್ದಕ್ಕೂ ಅಡ್ಡಲಾಗಿ ಇಟ್ಟ ವೇಲರ್‌ಗಳೆಂಬ ತೊಲೆಗಳನ್ನು ಸೇರುವ ಸಂಧಿಗಳು ದುರ್ಬಲವಾಗಿದ್ದುದರಿಂದ ಆಯಿತು. ಆದರೆ ವಿಚಾರಣಾ ಸಮಿತಿಯು ಗಣನೆಯ ಕಡೆಗೂ ಬೆರಳು ತೋರಿತು. ಸೇರಿನಲ್ಲಿ ಸಡಿಲವಾಗಿ ತುಂಬಿದ ರಾಗಿಯನ್ನು ಒಮ್ಮೆ ಕುಲುಕಿದರೆ ಅದು ಒತ್ತಿ ಕುಳಿತು ಇನ್ನೊಂದು ಹಿಡಿಗೆ ಎಡೆಮಾಡಿಕೊಡುವಂತೆ, ಮೆದುವಾದ ಜೇಡಿಯೂ ಪಕ್ಕಕ್ಕೆ ಜಗ್ಗಿದಾಗ ಕುಗ್ಗಲು ಹವಣಿಸುತ್ತದೆ. ಒಳಗಿನ ನೀರು ಹೊರಗೆ ಹೋಗಲು ಕಾಲಾವಕಾಶವಿಲ್ಲದಾಗ ಭಾರವು ಕಣಗಳಿಂದ ನೀರಿಗೆ ವರ್ಗವಾಗಿ, ಮಣ್ಣಿನ ಬಲ ಕುಂದುತ್ತದೆ. ಅಂಟು, ಘರ್ಷಣೆ ಎಂಬ ಎರಡು ಸಂಖ್ಯೆಗಳ ಮೇಲೆ ನಿಂತ, ಅಲ್ಲಿ ಉಪಯೋಗಿಸಿದ ಮೋರ್-ಕೂಲಂಬ್ ಮಾಡೆಲ್ಲಿಗೆ ಈ ಕುಗ್ಗುವಿಕೆಯ ಅರಿವೇ ಇಲ್ಲ. ನೀರು ಹೋಗದ ಸ್ಥಿತಿಯಲ್ಲಿ ಅದಕ್ಕೆ ಕಣಗಳ ಒತ್ತಡಕ್ಕೆ ಸಂಬಂಧಪಟ್ಟ ಸಂಖ್ಯೆಗಳನ್ನು ಕೊಟ್ಟಾಗ, ಅದು ಜೇಡಿಗೆ ನಿಜವಾಗಿ ಇಲ್ಲದ ಬಲವನ್ನು ಇದೆಯೆಂದು ಎಣಿಸಿತು. ಕಂದಕದ ಬದಿಯ ಮಣ್ಣನ್ನು ತಡೆದಿದ್ದ ಡಯಾಫ್ರಾಮ್ ಗೋಡೆಯ ಬಾಗುವಿಕೆಯನ್ನು ನಿಜಕ್ಕಿಂತ ಬಹಳ ಕಡಿಮೆಯಾಗಿ ತೋರಿಸಿತು. ಈ ಕುಗ್ಗುವಿಕೆಯನ್ನು ಲೆಕ್ಕಕ್ಕೆ ತೆಗೆದುಕೊಳ್ಳುವ ಕ್ಯಾಮ್ ಕ್ಲೇ ಎಂಬ ಮಾಡೆಲ್ಲನ್ನು ಕೇಂಬ್ರಿಜ್ಜಿನ ರಾಸ್ಕೋ ಮತ್ತು ಅವರ ಸಹೋದ್ಯೋಗಿಗಳು 1960ರ ದಶಕದಲ್ಲಿಯೇ ರಚಿಸಿಟ್ಟಿದ್ದರೆಂಬುದನ್ನು ನೆನೆದರೆ ಮನಸ್ಸಿಗೆ ವ್ಯಥೆಯಾಗುತ್ತದೆ.

ನನ್ನ ಮಾತಿಗೆ ಇನ್ನೂ ಹತ್ತಿರವಾದ ಅಂಶವೊಂದು ಆ ದುರಂತದಲ್ಲಿದೆ. ಗೋಡೆಯೊಳಗೆ ಇಳಿಸಿದ್ದ ಉಪಕರಣಗಳು ಗೋಡೆಯು ಗಣನೆಯನ್ನು ಮೀರಿ ಬಾಗುತ್ತಿರುವುದನ್ನು ಕುಸಿತಕ್ಕೆ ಬಹಳ ಮೊದಲೇ ತೋರಿಸಿದ್ದವು. ಆಗ ಕೆಲಸವನ್ನು ನಿಲ್ಲಿಸಿ ಗಣನೆಯ ಬುಡವನ್ನೇ ಶೋಧಿಸುವುದಕ್ಕೆ ಬದಲಾಗಿ, ಅಳತೆಗೆ ಹೊಂದುವವರೆಗೆ ಮಾಡೆಲ್ಲಿನ ಸಂಖ್ಯೆಗಳನ್ನು ತಿದ್ದಿ, ಹೊಸ ಎಚ್ಚರಿಕೆಯ ಮಿತಿಗಳನ್ನು ಗೊತ್ತುಮಾಡಿ, ಅಗೆತವನ್ನು ಮುಂದುವರಿಸಲಾಯಿತು. ಕಂಡ ಅಳತೆಗೆ ತಕ್ಕಂತೆ ತನ್ನನ್ನು ಎಷ್ಟು ಬೇಕಾದರೂ ಬಗ್ಗಿಸಿಕೊಳ್ಳಬಲ್ಲ ಗಣನೆಯು ಎಂದಿಗೂ ಸುಳ್ಳಾಗುವುದಿಲ್ಲ. ಎಂದಿಗೂ ಸುಳ್ಳಾಗದ ಗಣನೆಯು ಅಪಾಯವನ್ನು ತೋರಿಸಲು ಅಶಕ್ತವಾಗುತ್ತದೆ. ಇಂತಹ ಹೊಂದಾಣಿಕೆಯ ಪ್ರಲೋಭನೆಯು ನಿಮ್ಮಲ್ಲಿ ಪ್ರತಿಯೊಬ್ಬರಿಗೂ ಒಂದಲ್ಲ ಒಂದು ದಿನ ಎದುರಾಗತಕ್ಕದ್ದೇ. ಆ ದಿನಕ್ಕಾಗಿಯೇ ಈ ಪತ್ರ.

ಇನ್ನು ಬಂಡೆಯ ವಿಚಾರ. ಬಂಡೆಯ ತುಂಡೊಂದನ್ನು ಪ್ರಯೋಗಶಾಲೆಯಲ್ಲಿ ಒತ್ತಿ ನೋಡಿದಾಗ ಅದು ಕಾಂಕ್ರೀಟಿಗಿಂತ ಎಷ್ಟೋ ಬಲಶಾಲಿಯಾಗಿ ಕಾಣುತ್ತದೆ. ಪ್ರಕೃತಿಯಲ್ಲಿ ಅದು ಬಿರುಕು, ಪದರ, ಸ್ತರಭಂಗಗಳಿಂದ ತುಂಡು ತುಂಡಾಗಿದ್ದು, ಆ ಸಂದುಗಳಲ್ಲಿ ನೀರು ಸೇರಿಕೊಂಡಿರುತ್ತದೆ. ಇಡೀ ಬೆಟ್ಟದ ನಡತೆಯನ್ನು ನಿರ್ಧರಿಸುವುದು ತುಂಡಿನ ಬಲಕ್ಕಿಂತ ಸಂದಿನ ದೌರ್ಬಲ್ಯವೇ. ಫ್ರಾನ್ಸಿನ ಮಾಲ್ಪಾಸೆ ಎಂಬಲ್ಲಿ ಕಟ್ಟಿದ ತೆಳುವಾದ ಕಮಾನಿನ ಅಣೆಕಟ್ಟು 1959ರ ಡಿಸೆಂಬರ್ 2ರ ರಾತ್ರಿ ಒಡೆದು, ಕೆಳಗಿನ ಫ್ರೇಜುಸ್ ಪಟ್ಟಣದ ಕಡೆಗೆ ಪ್ರವಾಹ ನುಗ್ಗಿ, 400ಕ್ಕೂ ಹೆಚ್ಚು ಜನ ಮೃತರಾದರು. ಕಾಂಕ್ರೀಟಿನ ಕಮಾನಿನಲ್ಲಿ ದೋಷವಿರಲಿಲ್ಲ. ಎಡದಂಡೆಯ ಪದರಪದರವಾದ ನೈಸ್ ಬಂಡೆಯ ಮೇಲೆ ಕಮಾನು ಒರಗಿದ ಭಾರದಿಂದ ಅದರ ಸಂದುಗಳು ಬಿಗಿದು, ನೀರಿನ ದಾರಿ ಕಟ್ಟಿಹೋಗಿ, ಬಂಡೆಯ ಹಿಂಭಾಗದಲ್ಲಿ ನೀರಿನ ಒತ್ತಡ ಏರಿ, ಕೆಳಗಡೆ ಯಾರ ಕಣ್ಣಿಗೂ ಬೀಳದೆ ಇದ್ದ ಸ್ತರಭಂಗವೊಂದರ ಮೇಲೆ ಇಡೀ ದಂಡೆಯೇ ಸರಿಯಿತೆಂದು ತಜ್ಞರು ವಿವರಿಸಿದ್ದಾರೆ. ಕಟ್ಟಡವನ್ನು ಅತಿ ಜಾಗರೂಕತೆಯಿಂದ ಎಣಿಸಿದ ಕಾಲದಲ್ಲಿ ಅದು ನಿಂತ ನೆಲವನ್ನು ಎಣಿಸುವ ಶಾಸ್ತ್ರವೇ ಇನ್ನೂ ಹುಟ್ಟಿರಲಿಲ್ಲ. 1962ರಲ್ಲಿ ಸಾಲ್ಜ್‌ಬರ್ಗಿನಲ್ಲಿ ಶಿಲಾಯಂತ್ರಶಾಸ್ತ್ರದ ಅಂತರರಾಷ್ಟ್ರೀಯ ಸಂಘ ಸ್ಥಾಪಿತವಾದುದು, 1968ರಲ್ಲಿ ಗುಡ್‌ಮನ್ ಮತ್ತು ಅವರ ಜೊತೆಗಾರರು ಬಂಡೆಯ ಸಂದನ್ನೇ ಒಂದು ಖಂಡವನ್ನಾಗಿ ಗಣನೆಯೊಳಗೆ ಸೇರಿಸಿದುದು, 1971ರಲ್ಲಿ ಕುಂಡಾಲ್ ಬೇರೆಬೇರೆಯಾದ ಬಂಡೆಗಳ ಚಲನೆಯನ್ನು ಅನುಕರಿಸುವ ವಿಧಾನವನ್ನು ರಚಿಸಿದುದು, ಇವೆಲ್ಲ ಆ ರಾತ್ರಿಯ ನಂತರದ ಸಂಗತಿಗಳು.

ನಮ್ಮ ನಾಡಿನ ಬಂಡೆಗಳೂ ಸುಲಭದವಲ್ಲ. ಬೆಂಗಳೂರಿನ ನೆಲದಡಿಯಲ್ಲಿ ಕೆಮ್ಮಣ್ಣು, ಶಿಥಿಲವಾದ ಬಂಡೆ, ಅದರ ನಡುವೆ ಹುದುಗಿರುವ ಗಟ್ಟಿಯಾದ ಗುಂಡುಗಳು, ಅಡಿಯಲ್ಲಿ ಅಖಂಡವಾದ ನೈಸ್, ಇವೆಲ್ಲ ನೆರೆಹೊರೆಯ ಎರಡು ಬೋರ್‌ಹೋಲ್‌ಗಳಲ್ಲಿಯೇ ಬೇರೆ ಬೇರೆ ಆಳಗಳಲ್ಲಿ ದೊರೆಯುತ್ತವೆ; ಸುರಂಗ ಕೊರೆಯುವ ಯಂತ್ರದ ಮುಖದಲ್ಲಿ ಮೇಲರ್ಧ ಮಣ್ಣು, ಕೆಳಗರ್ಧ ಕಲ್ಲು ಇರುವುದು ಇಲ್ಲಿ ಅಪರೂಪವೇನಲ್ಲ. ಕೋಲಾರದ ಚಿನ್ನದ ಗಣಿಗಳಲ್ಲಿ ಮೂರು ಕಿಲೋಮೀಟರಿಗೂ ಮಿಕ್ಕಿದ ಆಳದಲ್ಲಿ ದುಡಿದವರು, ಬಿಗಿದು ನಿಂತ ಬಂಡೆಯು ಮುನ್ಸೂಚನೆಯಿಲ್ಲದೆ ಸಿಡಿಯುವ ಶಿಲಾಸ್ಫೋಟಗಳ ನಡುವೆಯೇ ಬಾಳಿದರು. 1988ರಲ್ಲಿ ರಾಷ್ಟ್ರೀಯ ಶಿಲಾಯಂತ್ರಶಾಸ್ತ್ರ ಸಂಸ್ಥೆಯು ಅದೇ ಕೋಲಾರದ ಗಣಿಯೂರಿನಲ್ಲಿ ಸ್ಥಾಪಿತವಾದುದು ಉಚಿತವಾಗಿಯೇ ಇತ್ತು. ಬಂಡೆಯ ಬಲವನ್ನು ಎಣಿಸಲು ನೀವು ಉಪಯೋಗಿಸುವ ಹೋಕ್-ಬ್ರೌನ್ ಸೂತ್ರವು 1980ರಲ್ಲಿ ಪ್ರಕಟವಾದಂದಿನಿಂದ ಅದಕ್ಕೆ ಬೇಕಾದ ಮುಖ್ಯ ಸಂಖ್ಯೆಯೊಂದು, ಬಂಡೆಯ ಮುಖವನ್ನು ಕಣ್ಣಾರೆ ಕಂಡು, ಸಂದುಗಳನ್ನು ಎಣಿಸಿ, ಕೈಯಿಂದ ತಡವಿ ನಿರ್ಣಯಿಸತಕ್ಕದ್ದಾಗಿದೆ. ಆ ಸಂಖ್ಯೆಯನ್ನು ಕಚೇರಿಯ ಕುರ್ಚಿಯಲ್ಲಿ ಕುಳಿತು ಬರೆಯುವುದು ಶಾಸ್ತ್ರಕ್ಕೆ ಮಾಡುವ ಅನ್ಯಾಯ.

ಕಾಂಕ್ರೀಟ್ ಮನುಷ್ಯನೇ ತಯಾರಿಸಿದ ವಸ್ತುವಾದುದರಿಂದ ಅದರ ಗಣನೆಯಲ್ಲಿ ನಿಶ್ಚಿಂತೆಯಿಂದಿರಬಹುದೆಂದು ಕೆಲವರು ತಿಳಿದಿದ್ದಾರೆ. ಆದರೆ ಅದು ಗಟ್ಟಿಯಾಗುವಾಗ ಬಿಸಿಯಾಗುತ್ತದೆ, ಆರುವಾಗ ಕುಗ್ಗುತ್ತದೆ, ಭಾರದ ಕೆಳಗೆ ವರ್ಷಾನುವರ್ಷ ಮೆಲ್ಲಮೆಲ್ಲನೆ ಜಗ್ಗುತ್ತದೆ, ಮತ್ತು ಎಳೆತಕ್ಕೆ ಸಿಕ್ಕಿದೊಡನೆ ಬಿರಿಯುತ್ತದೆ. ಬಿರುಕನ್ನು ಮಾಡೆಲ್ಲಿನಲ್ಲಿ ಹಿಡಿಯುವುದು ಎಷ್ಟು ಸೂಕ್ಷ್ಮವಾದ ಕಾರ್ಯವೆಂದರೆ, ಬಿರುಕು ಹರಡಲು ಬೇಕಾಗುವ ಶಕ್ತಿಯನ್ನು ಸರಿಯಾಗಿ ಸೇರಿಸದಿದ್ದಲ್ಲಿ, ಮೆಶ್ ಎಂಬ ಗಣನೆಯ ಜಾಲದ ಖಂಡಗಳನ್ನು ಚಿಕ್ಕದು ಮಾಡಿದಂತೆಲ್ಲ ಉತ್ತರವೂ ಬದಲಾಗುತ್ತ ಹೋಗುತ್ತದೆ. 1976ರಲ್ಲಿ ಸ್ವೀಡನ್ನಿನ ಹಿಲ್ಲರ್‌ಬೋರ್ಗ್ ಮತ್ತು ಅವರ ಸಂಗಡಿಗರು ಆ ಶಕ್ತಿಯನ್ನು ಗಣನೆಯೊಳಕ್ಕೆ ತಂದು ಈ ತೊಡಕಿಗೆ ದಾರಿ ತೋರಿಸಿದರು. ಬಿರುಕಿನ ಮಾತು ಹಾಗಿರಲಿ, ಸಾಧಾರಣವಾದ ಸ್ಥಿತಿಸ್ಥಾಪಕ ಗಣನೆಯಲ್ಲಿಯೂ ಎಚ್ಚರ ತಪ್ಪಬಹುದೆಂಬುದನ್ನು ನಾರ್ವೆಯ ಸ್ಲೈಪ್ನರ್ ಎಂಬ ತೈಲವೇದಿಕೆಯ ಕಥೆ ತಿಳಿಸುತ್ತದೆ. ಸಮುದ್ರದ ತಳದಲ್ಲಿ ಕೂರಬೇಕಾಗಿದ್ದ ಅದರ ಕಾಂಕ್ರೀಟ್ ಪೀಠವನ್ನು 1991ರ ಆಗಸ್ಟ್ 23ರಂದು ಸ್ಟಾವಾಂಗರ್ ಸಮೀಪದ ಫ್ಯೋರ್ಡಿನಲ್ಲಿ ಪರೀಕ್ಷೆಗಾಗಿ ಮುಳುಗಿಸುತ್ತಿದ್ದಾಗ, ಒಳಗಿನ ಗೋಡೆಯೊಂದು ಬಿರಿದು, ಪೀಠವೆಲ್ಲ ಮುಳುಗಿ ತಳಕ್ಕೆ ಬಡಿದು ಪುಡಿಯಾಯಿತು. ಆ ಬಡಿತ ಸುಮಾರು 3 ಪರಿಮಾಣದ ಭೂಕಂಪವಾಗಿ ದಾಖಲಾಯಿತು. ಪ್ರಾಣಹಾನಿಯಾಗದೆ ಹೋದುದು ದೈವಕೃಪೆ. ನಷ್ಟ ಸುಮಾರು 70 ಕೋಟಿ ಡಾಲರ್. ಉರುಳೆಯಾಕಾರದ ಕೋಶಗಳ ನಡುವಣ ತ್ರಿಕೋನದ ಎಡೆಯಲ್ಲಿ ಮೆಶ್ ಒರಟಾಗಿಯೂ ಓರೆಯಾಗಿಯೂ ಇದ್ದುದರಿಂದ, ಗೋಡೆಯಲ್ಲಿನ ಕತ್ತರಿಸುವ ಬಲವನ್ನು ಗಣನೆಯು ಶೇಕಡಾ 47ರಷ್ಟು ಕಡಿಮೆಯಾಗಿ ತೋರಿಸಿತ್ತು. ಕಂಬಿಗಳ ತುದಿಯ ಹಿಡಿತವೂ ಸಾಲದಾಗಿತ್ತು. ಅಪಘಾತದ ಬಳಿಕ ಜಾಗರೂಕತೆಯಿಂದ ನಡೆಸಿದ ವಿಶ್ಲೇಷಣೆಯು ಗೋಡೆಯು 62 ಮೀಟರ್ ನೀರಿನ ಒತ್ತಡಕ್ಕೆ ಸೋಲುವುದೆಂದು ಹೇಳಿತು. ವಾಸ್ತವವಾಗಿ ಅದು ಸೋತುದು 65 ಮೀಟರಿನಲ್ಲಿ.

ಇದರಲ್ಲಿ ನೀವು ಗಮನಿಸಬೇಕಾದುದು, ಶಾಸ್ತ್ರವು ಅಶಕ್ತವಾಗಿರಲಿಲ್ಲವೆಂಬುದು. ನೀರಿನ ಒತ್ತಡವನ್ನು ಗೋಡೆಯ ಹರವಿನ ಅರ್ಧದಿಂದ ಗುಣಿಸಿದರೆ ಅದರ ತುದಿಯಲ್ಲಿ ಬೀಳುವ ಕತ್ತರಿಸುವ ಬಲ ದೊರೆಯುತ್ತದೆ. ಇದು ಕಾಲೇಜಿನ ಪ್ರಾರಂಭದ ತರಗತಿಗಳಲ್ಲಿಯೇ ನೀವು ಕಲಿತ ಪಾಠ. ಐದು ನಿಮಿಷಗಳ ಆ ಕೈಲೆಕ್ಕವನ್ನು ಗಣಕದ ಸಂಖ್ಯೆಯ ಪಕ್ಕದಲ್ಲಿಟ್ಟಿದ್ದರೆ, ಎರಡರ ನಡುವಣ ಅಂತರ ಕಾಣದೆ ಹೋಗುತ್ತಿರಲಿಲ್ಲ.

ಆದರೆ ಸೋಲುಗಳನ್ನು ಮಾತ್ರ ಎಣಿಸಿ ನಿಮ್ಮನ್ನು ಅಧೀರರನ್ನಾಗಿ ಮಾಡುವುದು ನನ್ನ ಇಚ್ಛೆಯಲ್ಲ. ಅಳತೆಯೂ ಗಣನೆಯೂ ಕೈಕೂಡಿಸಿದರೆ ಎಂತಹ ಜ್ಞಾನ ಉದಿಸಬಹುದೆಂಬುದಕ್ಕೆ ನಮ್ಮ ಮಗ್ಗುಲಲ್ಲಿಯೇ ಕೊಯ್ನಾ ಅಣೆಕಟ್ಟು ನಿಂತಿದೆ. ಮಹಾರಾಷ್ಟ್ರದ ಕೊಯ್ನಾ ಕರಾಡದಲ್ಲಿ ಕೃಷ್ಣೆಯನ್ನು ಸೇರುತ್ತದೆ; ಆ ಕೃಷ್ಣೆಯೇ ಕೆಳಗೆ ಹರಿದು ನಮ್ಮ ಬೆಳಗಾವಿ, ಬಾಗಲಕೋಟೆ, ವಿಜಯಪುರಗಳ ನೆಲವನ್ನು ತೊಯ್ಯಿಸುತ್ತಾಳೆ. 1967ರ ಡಿಸೆಂಬರ್ 11ರ ಬೆಳಗಿನ ಜಾವದ ಭೂಕಂಪವು ಕೊಯ್ನಾನಗರವನ್ನು ನೆಲಸಮ ಮಾಡಿ, 103 ಮೀಟರ್ ಎತ್ತರದ ಆ ಅಣೆಕಟ್ಟನ್ನೂ ಅಲ್ಲಾಡಿಸಿತು. ಅಣೆಕಟ್ಟು ಉಳಿಯಿತು, ಆದರೆ ಅದರ ಕೆಳಮುಖದ ಇಳಿಜಾರು ಥಟ್ಟನೆ ಬದಲಾಗುವ ಮಟ್ಟದ ಸುಮಾರಿನಲ್ಲಿ, ಎತ್ತರವಾದ ಖಂಡಗಳ ಎರಡೂ ಮುಖಗಳಲ್ಲಿ ಅಡ್ಡ ಬಿರುಕುಗಳು ಮೂಡಿದ್ದವು. ಆ ಕಾಲದ ರೂಢಿಯಂತೆ ಅಣೆಕಟ್ಟಿನ ತೂಕದ ಶೇಕಡಾ 5ರಷ್ಟನ್ನು ಪಕ್ಕದ ಬಲವೆಂದು ಭಾವಿಸಿ ಮಾಡಿದ ಲೆಕ್ಕವು ಆ ಮಟ್ಟವನ್ನು ಅಪಾಯದ ಸ್ಥಳವೆಂದು ಗುರುತಿಸಿರಲಿಲ್ಲ. ಅಣೆಕಟ್ಟಿನ ಗ್ಯಾಲರಿಯಲ್ಲಿ ಕಂಪನಮಾಪಕವೊಂದನ್ನು ಇರಿಸಿದ್ದ ದೂರದೃಷ್ಟಿಯಿಂದಾಗಿ, ಆ ನಸುಕಿನ ಕಂಪನದ ಪ್ರತಿಯೊಂದು ಏರಿಳಿತವೂ ದಾಖಲಾಗಿತ್ತು. ಆ ದಾಖಲೆಯನ್ನೇ ಆಧಾರವಾಗಿಟ್ಟುಕೊಂಡು ಬರ್ಕಲಿಯಲ್ಲಿದ್ದ ಅನಿಲ್ ಚೋಪ್ರಾ ಮತ್ತು ಚಕ್ರವರ್ತಿ 1973ರಲ್ಲಿ ಪ್ರಕಟಿಸಿದ ಗಣನೆಯು, ಬಿರುಕು ಕಂಡ ಮಟ್ಟದಲ್ಲಿಯೇ ಕಾಂಕ್ರೀಟಿನ ಎಳೆತದ ಬಲ ಮೀರಿ ಹೋಗುತ್ತದೆಂದು ತೋರಿಸಿತು. ಅಂದಿನಿಂದ ಇಂದಿನವರೆಗೆ, ಅಣೆಕಟ್ಟಿನ ಕಾಂಕ್ರೀಟಿಗೆ ಹೊಸ ಮಾಡೆಲ್ಲನ್ನು ರಚಿಸುವ ವಿದ್ವಾಂಸರು, ಅವರು ಜಗತ್ತಿನ ಯಾವ ಮೂಲೆಯವರೇ ಆಗಿರಲಿ, ಅದನ್ನು ಕೊಯ್ನಾದ ಒರೆಗಲ್ಲಿಗೆ ಹಚ್ಚಿ ನೋಡುವುದು ವಾಡಿಕೆಯಾಗಿದೆ. ಒಂದು ಉಪಕರಣ, ಪ್ರಾಮಾಣಿಕವಾಗಿ ಗುರುತು ಮಾಡಿಟ್ಟ ಬಿರುಕಿನ ನಕ್ಷೆ, ಇವೆರಡರಿಂದ ನಮ್ಮ ದೇಶವು ಇಡೀ ಲೋಕದ ಶಾಸ್ತ್ರಕ್ಕೆ ಕೊಟ್ಟ ಕಾಣಿಕೆ ಅಲ್ಪವಾದುದಲ್ಲ.

ಹೀಗಿರಲಾಗಿ ನಿಮ್ಮಲ್ಲಿ ನನ್ನ ಪ್ರಾರ್ಥನೆಗಳು ಇವು. ಗಣಕವನ್ನು ಮುಟ್ಟುವ ಮೊದಲು ಒಂದು ಹಾಳೆಯ ಮೇಲೆ ಕೈಯಿಂದ ಲೆಕ್ಕ ಮಾಡಿ, ಉತ್ತರವು ಯಾವ ಮೇರೆಗಳ ನಡುವೆ ಬರಬೇಕೆಂದು ಬರೆದು ದಿನಾಂಕ ಹಾಕಿರಿ. ಯಂತ್ರದ ಉತ್ತರ ಆ ಮೇರೆಗಳ ಹೊರಗೆ ಬಂದರೆ, ಎರಡರಲ್ಲಿ ಒಂದೇಕೆ ತಪ್ಪಾಯಿತೆಂಬುದನ್ನು ತಿಳಿಯದೆ ಮುಂದಕ್ಕೆ ಹೋಗಬೇಡಿರಿ. ಆರಿಸಿಕೊಂಡ ಮಾಡೆಲ್ಲು ಆ ಸ್ಥಳದ ಮಣ್ಣಿನ ಯಾವ ಗುಣವನ್ನು ಬಲ್ಲುದು, ಯಾವುದನ್ನು ಅರಿಯದು ಎಂಬುದನ್ನು ವರದಿಯ ಮೊದಲ ಪುಟದಲ್ಲಿಯೇ ಎಲ್ಲರಿಗೂ ಅರ್ಥವಾಗುವ ಮಾತಿನಲ್ಲಿ ಹೇಳಿರಿ. ಪ್ರತಿಯೊಂದು ಸಂಖ್ಯೆಯ ಪಕ್ಕದಲ್ಲಿಯೂ ಅದು ಯಾವ ಬೋರ್‌ಹೋಲಿನ, ಯಾವ ಆಳದ, ಯಾವ ಪರೀಕ್ಷೆಯ ಸಂಖ್ಯೆಯೆಂದು ನಮೂದಿಸಿರಿ; ಪುಸ್ತಕದಿಂದ ತೆಗೆದ ಸಂಖ್ಯೆಯಾದರೆ ಹಾಗೆಂದೇ ಒಪ್ಪಿಕೊಳ್ಳಿರಿ. ಎಲ್ಲಕ್ಕಿಂತ ಮಿಗಿಲಾಗಿ, ಅಗೆತ ಇಷ್ಟು ಆಳಕ್ಕೆ ಹೋದಾಗ ಗೋಡೆ ಇಷ್ಟು ಮಿಲಿಮೀಟರಿಗಿಂತ ಹೆಚ್ಚು ಬಾಗಿದರೆ, ನೆಲದೊಳಗಿನ ನೀರಿನ ಒತ್ತಡವನ್ನು ಅಳೆಯುವ ಪಿಝೋಮೀಟರಿನಲ್ಲಿ ನೀರು ಇಷ್ಟಕ್ಕಿಂತ ಮೇಲೇರಿದರೆ, ನಮ್ಮ ಗಣನೆ ಸುಳ್ಳಾಯಿತೆಂದೂ, ಆಗ ಕೆಲಸ ನಿಲ್ಲಬೇಕೆಂದೂ, ನಿಲ್ಲಿಸುವ ಅಧಿಕಾರ ಇಂಥವರದೆಂದೂ, ಅಗೆತ ಪ್ರಾರಂಭವಾಗುವುದಕ್ಕೆ ಮೊದಲೇ ಬರೆದಿಡಿರಿ. 1969ರ ತಮ್ಮ ರ‍್ಯಾಂಕಿನ್ ಉಪನ್ಯಾಸದಲ್ಲಿ ರಾಲ್ಫ್ ಪೆಕ್ ವಿವರಿಸಿದ ಅವಲೋಕನ ಪದ್ಧತಿಯ ಸಾರ ಇದೇ: ಪ್ರತಿಕೂಲವಾದ ಸ್ಥಿತಿ ಬಂದಾಗ ಏನು ಮಾಡಬೇಕೆಂಬುದನ್ನು ಅದು ಬರುವ ಮುನ್ನವೇ ನಿಶ್ಚಯಿಸಿಕೊಂಡಿರಬೇಕು. ಅಪಾಯ ಎದುರಿಗೆ ಬಂದ ಗಳಿಗೆಯಲ್ಲಿ, ಗಡುವಿನ ಒತ್ತಡದ ನಡುವೆ, ಯಾವ ಮನುಷ್ಯನ ವಿವೇಕವೂ ಮಿತಿಯನ್ನು ನ್ಯಾಯವಾಗಿ ಗೊತ್ತುಮಾಡಲಾರದು.

ಇದಕ್ಕೆಲ್ಲ ಸಮಯವೆಲ್ಲಿದೆ, ಹಣ ಕೊಡುವವರಾರು ಎಂದು ನೀವು ಕೇಳಬಹುದು; ಆ ಪ್ರಶ್ನೆಯಲ್ಲಿ ನ್ಯಾಯವಿದೆ. ವರದಿ ನಾಳೆ ಬೇಕೆಂದು ಒತ್ತಾಯಿಸುವ ಹಿರಿಯರ ಮುಂದೆ, ಕೆಲಸಕ್ಕೆ ಸೇರಿ ವರ್ಷವೂ ತುಂಬದ ಇಂಜಿನಿಯರನು ಮಣ್ಣಿನ ಪರೀಕ್ಷೆಗೆ ಇನ್ನೆರಡು ವಾರ ಬೇಕೆಂದು ಹೇಳುವುದು ಸುಲಭವಲ್ಲವೆಂಬುದನ್ನು ನಾನು ಬಲ್ಲೆ. ಆದುದರಿಂದ ಈ ಪತ್ರದ ಒಂದು ಭಾಗ ನಿಮ್ಮ ಮೇಲಧಿಕಾರಿಗಳಿಗೂ ಗುರುಗಳಿಗೂ ಸಲ್ಲತಕ್ಕದ್ದು. ಟೆಂಡರು ಕರೆಯುವವರು ಬೋರ್‌ಹೋಲ್, ಪ್ರಯೋಗಶಾಲೆಯ ಪರೀಕ್ಷೆ, ಉಪಕರಣಗಳ ಅಳತೆ ಇವುಗಳಿಗೆ ಬೇರೆಯಾಗಿಯೇ ಹಣ ಗೊತ್ತುಮಾಡಲಿ, ಅಗ್ಗದ ಟೆಂಡರಿನ ಮೊದಲ ಬಲಿ ಇವಾಗದಿರಲಿ. ಕಾಲೇಜಿನ ಅಧ್ಯಾಪಕರು ಸಾಫ್ಟ್‌ವೇರಿನ ಗುಂಡಿಗಳನ್ನು ಒತ್ತುವುದನ್ನು ಕಲಿಸುವ ಮೊದಲು, ವಿದ್ಯಾರ್ಥಿಯ ಕೈಯಲ್ಲಿ ಟ್ರೈಆಕ್ಸಿಯಲ್ ಪರೀಕ್ಷೆಯೊಂದನ್ನಾದರೂ ಆದ್ಯಂತವಾಗಿ ಮಾಡಿಸಲಿ. ತನ್ನ ಕಣ್ಣೆದುರಿಗೆ ಮಣ್ಣಿನ ಉರುಳೆಯೊಂದು ಉಬ್ಬಿ ಸೋತುದನ್ನು ಕಂಡವನು ಆ ಸೋಲಿನ ಸೂತ್ರವನ್ನು ಹಗುರವಾಗಿ ಬರೆಯಲಾರನು. ಇನ್ನು, ಪೂರೈಸಿದ ಕಾಮಗಾರಿಗಳ ಅಳತೆಗಳನ್ನು ಕಪಾಟಿನಲ್ಲಿ ಬೀಗ ಹಾಕಿಡದೆ, ಗಣನೆಯೊಡನೆ ಹೋಲಿಸಿ ಪ್ರಕಟಿಸುವ ಪದ್ಧತಿ ನಮ್ಮ ಇಲಾಖೆಗಳಲ್ಲಿ ಬೇರೂರಲಿ. ಬೆಂಗಳೂರಿನ ನೆಲದಡಿಯಲ್ಲಿ ಕೊರೆದ ಪ್ರತಿಯೊಂದು ಸುರಂಗದ ಮೇಲೆ ನೆಲ ಎಷ್ಟು ಇಳಿಯಿತೆಂಬ ಲೆಕ್ಕವು ಸಾರ್ವಜನಿಕವಾಗಿದ್ದರೆ, ಮುಂದಿನ ಸುರಂಗವನ್ನು ಎಣಿಸುವ ನಿಮ್ಮ ಕೆಲಸ ಎಷ್ಟು ಭದ್ರವಾದ ತಳಹದಿಯ ಮೇಲೆ ನಿಲ್ಲುತ್ತಿತ್ತು!

ಮಿತ್ರರೇ, ನಿಮ್ಮದು ಜನರ ಕಣ್ಣಿಗೆ ಬೀಳದ ವೃತ್ತಿ. ನಿಮ್ಮ ಗಣನೆ ಸರಿಯಾದಾಗ ಏನೂ ಸಂಭವಿಸುವುದಿಲ್ಲ. ಏನೂ ಸಂಭವಿಸದಿರುವುದಕ್ಕಾಗಿ ಯಾರೂ ಕೃತಜ್ಞತೆಯನ್ನು ಹೇಳುವುದಿಲ್ಲ. ಆದರೂ ಈ ವೃತ್ತಿಯ ಗೌರವ ನಿಂತಿರುವುದು, ಅಳತೆಯು ತನ್ನ ಗಣನೆಯನ್ನು ಅಲ್ಲಗಳೆದಾಗ ಅದನ್ನು ಮುಚ್ಚಿಡದೆ ಕೆಲಸವನ್ನು ನಿಲ್ಲಿಸುವ ಇಂಜಿನಿಯರನ ದಿಟ್ಟತನದಲ್ಲಿ. ನಿಮ್ಮ ಮುಂದಿನ ವರದಿಗೆ ರುಜು ಹಾಕುವ ಮೊದಲು, ಅದರ ಕೊನೆಯಲ್ಲಿ ಒಂದು ವಾಕ್ಯವನ್ನು ಸೇರಿಸಿರಿ: ಈ ಗಣನೆ ಸುಳ್ಳೆಂದು ಇಂಥ ಅಳತೆಯಿಂದ ತಿಳಿಯತಕ್ಕದ್ದು, ತಿಳಿದೊಡನೆ ಕೆಲಸ ನಿಲ್ಲತಕ್ಕದ್ದು ಎಂದು. ಆ ವಾಕ್ಯವನ್ನು ಬರೆಯಲು ಯಾರಾದರೂ ನಿಮ್ಮನ್ನು ತಡೆದರೆ, ರುಜು ಹಾಕದೆ ಎದ್ದು ಬರುವ ಹಕ್ಕು ನಿಮಗುಂಟು. ಆ ಹಕ್ಕನ್ನು ನೀವು ಚಲಾಯಿಸಿದಂದು ನಿಮ್ಮ ಬೆಂಬಲಕ್ಕೆ ನಿಲ್ಲುವುದು ಈ ನಾಡಿನ ಹಿರಿಯ ಇಂಜಿನಿಯರರಾದ ನಮ್ಮೆಲ್ಲರ ಕರ್ತವ್ಯ.

ಇತಿ,
ನಿಮ್ಮ ಶ್ರೇಯಸ್ಸನ್ನು ಬಯಸುವ
ಒಬ್ಬ ಹಿರಿಯ ಇಂಜಿನಿಯರ್